ಟೆಲಿಕಾಂ ಕಂಪನಿಗಳು ವಿಲೀನವಾದಾಗ ಹಳೆಯ ಗ್ರಾಹಕರಿಗೆ ಆಗುವುದೇನು?

ಪ್ರಶ್ನೆ – ಸಾಗರ_ಸೀಮೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಮೊಬೈಲ್ ಸಂಖ್ಯೆ ಸ್ಪೈಸ್ ಕಂಪನಿಯ ಕಾಲದ್ದು. ಅವರು ಸಂಖ್ಯೆಯನ್ನು ಒಮ್ಮೆಯೂ ಬದಲಾಯಿಸಿದವರಲ್ಲ, ಕಂಪನಿಗಳೇ ಬದಲಾಗುತ್ತ ಬಂದಿವೆ. ಸ್ಪೈಸ್ ಹೋಗಿ ಐಡಿಯಾ ಬಂತು, ಐಡಿಯಾ ಮತ್ತು ವೊಡಾಫೋನ್ ಒಂದಾದವು, ಈಗ ಫೋನಿನ ಪರದೆಯ ಮೇಲಂಚಿನಲ್ಲಿ ವಿಐ ಎಂದು ಕಾಣಿಸುತ್ತದೆ. ಅಡಿಕೆ ಮಂಡಿಯ ಲೆಕ್ಕ, ಸೊಸೈಟಿಯ ಪಾಸ್‌ಬುಕ್, ಗ್ಯಾಸ್ ಬುಕಿಂಗ್, ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ನೋಂದಣಿ, ಆಧಾರ್, ಬ್ಯಾಂಕ್ ಖಾತೆ ಹೀಗೆ ಎಲ್ಲಕ್ಕೂ ಇದೇ ಸಂಖ್ಯೆಯನ್ನು ಕೊಟ್ಟಿರುವುದರಿಂದ ಅದು ಕೈತಪ್ಪುವುದನ್ನು ಊಹಿಸಿಕೊಳ್ಳಲೂ ಅವರು ಸಿದ್ಧರಿಲ್ಲ.

ಕಳೆದ ವಾರ ಪೇಟೆಯಲ್ಲಿ ರೀಚಾರ್ಜ್ ಮಾಡಿಸಲು ಹೋದಾಗ ಅಂಗಡಿಯ ಹುಡುಗನೊಬ್ಬ, "ಇನ್ನು ಸ್ವಲ್ಪ ದಿನಕ್ಕೆ ಎಲ್ಲ ಒಂದೇ ಕಂಪನಿ ಆಗುತ್ತೆ ಮಾರಾಯ್ರೆ, ಈಗಲೇ ಪೋರ್ಟ್ ಮಾಡಿಸಿಬಿಡಿ, ಆಮೇಲೆ ಈ ನಂಬರ್ ಸಿಗಲ್ಲ" ಎಂದು ಹೇಳಿ ಅವರನ್ನು ಹೆದರಿಸಿ ಕಳುಹಿಸಿದ್ದಾನೆ. (ಪೋರ್ಟ್ ಎಂದರೆ ಸಂಖ್ಯೆಯನ್ನು ಉಳಿಸಿಕೊಂಡೇ ಬೇರೆ ಕಂಪನಿಗೆ ಹೋಗುವುದು.) ಹಾಗೆ ಯಾವ ವಿಲೀನದ ಪ್ರಕಟಣೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೂ ಮುಂದೆಂದಾದರೂ ಅಂಥದ್ದು ನಡೆದರೆ ಹಳೆಯ ಚಂದಾದಾರರ ಸಂಖ್ಯೆ, ಉಳಿದ ಹಣ ಮತ್ತು ಪ್ಲಾನ್ ಏನಾಗುತ್ತವೆ ಎಂಬುದನ್ನು ತಿಳಿದವರಿಂದ ಕೇಳಿಕೊಳ್ಳಬೇಕೆನಿಸಿತು. ನಮ್ಮ ತಾಯಿಯವರದು ಪೋಸ್ಟ್‌ಪೇಯ್ಡ್ ಸಂಪರ್ಕ. ಅದಕ್ಕೆ ಠೇವಣಿ ಕಟ್ಟಿಸಿಕೊಂಡಿದ್ದ ಕಂಪನಿ ಈಗ ಬೇರೊಂದರಲ್ಲಿ ಸೇರಿಹೋಗಿದೆ. ಆ ಠೇವಣಿಗೆ ಈಗ ಯಾರು ಜವಾಬ್ದಾರರು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ – ನಿವೃತ್ತ_ಬಿಲ್ಲಿಂಗ್

ವಿಲೀನದ ಕಾರಣದಿಂದ ಸಂಖ್ಯೆ ಹೋಗುವುದಿಲ್ಲ ಎಂದು ತಂದೆಯವರಿಗೆ ಧೈರ್ಯವಾಗಿ ಹೇಳಿ. ಟೆಲಿಕಾಂ ಕಂಪನಿಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತನಾದವನು ನಾನು. ಇಂಥ ಒಂದು ಸೇರ್ಪಡೆಯ ಕಾಲದಲ್ಲಿ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸದಲ್ಲಿಯೂ ಇದ್ದೆ. ಅಂಗಡಿಯ ಹುಡುಗನಿಗೆ ಒಂದೊಂದು ಪೋರ್ಟಿಗೂ ಕಮಿಷನ್ ಇರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಅವನ ಮಾತಿನ ತೂಕ ಎಷ್ಟೆಂದು ತಿಳಿಯುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಯಾವ ಬಗೆಯ ಬದಲಾವಣೆ ನಡೆಯುತ್ತಿದೆ ಎಂಬುದನ್ನು ನೋಡಬೇಕಾಗುತ್ತದೆ. 2007ರಲ್ಲಿ ಬ್ರಿಟನ್ನಿನ ವೊಡಾಫೋನ್ ಕಂಪನಿಯು ಹಚ್ ಸೇವೆ ನಡೆಸುತ್ತಿದ್ದ ಹಚಿಸನ್ ಎಸ್ಸಾರ್‌ನಲ್ಲಿ ಶೇ. 67ರಷ್ಟು ಪಾಲನ್ನು ಕೊಂಡಿತು. ಲೈಸೆನ್ಸ್ ಪಡೆದಿದ್ದ ಕಂಪನಿ ಅದೇ ಉಳಿದು ಒಡೆಯರು ಮಾತ್ರ ಬದಲಾದದ್ದರಿಂದ ಗ್ರಾಹಕನ ಪಾಲಿಗೆ ಬದಲಾದದ್ದು ಅಂಗಡಿಯ ಫಲಕ ಮತ್ತು ಬಿಲ್ಲಿನ ತಲೆಬರಹ, ಅಷ್ಟೆ. ಇದು ತೀರ ಹಗುರವಾದ ಬಗೆ.

ನಿಮ್ಮ ತಂದೆಯವರ ಸಂಖ್ಯೆ ಕಂಡದ್ದು ಎರಡನೆಯ ಬಗೆಯನ್ನು. ಸ್ಪೈಸ್ ಕಂಪನಿಗೆ ಇದ್ದದ್ದು ಕರ್ನಾಟಕ ಮತ್ತು ಪಂಜಾಬ್ ಎಂಬ ಎರಡೇ ಸೇವಾ ವಲಯ. 2008ರ ಜೂನ್‌ನಲ್ಲಿ ಐಡಿಯಾ ಕಂಪನಿಯು ಸ್ಪೈಸ್ ಪ್ರವರ್ತಕರ ಪಾಲನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಆ ಹೊತ್ತಿಗೆ ಐಡಿಯಾ ಇವೇ ಎರಡು ವಲಯಗಳಲ್ಲಿ ಬೇರೆಯಾಗಿ ಲೈಸೆನ್ಸ್ ಪಡೆದಿತ್ತಾದ್ದರಿಂದ ಒಂದೇ ವಲಯದಲ್ಲಿ ಒಬ್ಬರ ಕೈಗೆ ಎರಡು ಲೈಸೆನ್ಸ್ ಬಂದಂತಾಯಿತು. ಈ ತಕರಾರು ದೂರಸಂಪರ್ಕ ಇಲಾಖೆ ಮತ್ತು ಐಡಿಯಾ ನಡುವೆ ದೆಹಲಿ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಅಷ್ಟು ಕಾಲವೂ ನಿಮ್ಮ ತಂದೆಯವರು ಅದೇ ಸಿಮ್‌ನಿಂದ ಮಾತನಾಡುತ್ತಲೇ ಇದ್ದರು, ಅವರಿಗೆ ಈ ವ್ಯಾಜ್ಯದ ಸುಳಿವೂ ಸಿಕ್ಕಿರಲಾರದು.

ಹೀಗಾಗಲು ಕಾನೂನಿನ ಕಾರಣವಿದೆ. ಇಂದಿನ ಪದ್ಧತಿಯಲ್ಲಿ ಕಂಪನಿ ಕಾಯ್ದೆಯ ಪ್ರಕಾರ ಎನ್‌ಸಿಎಲ್‌ಟಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ವಿಲೀನ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಹಳೆಯ ಕಂಪನಿಯ ಆಸ್ತಿ ಮಾತ್ರವಲ್ಲದೆ ಅದರ ಸಾಲ, ಕರಾರು ಮತ್ತು ಅದರ ಮೇಲಿರುವ ದಾವೆಗಳೂ ಹೊಸ ಕಂಪನಿಯ ಹೆಗಲಿಗೇರುತ್ತವೆ. ನಿಮ್ಮ ಪ್ರೀಪೇಯ್ಡ್ ಖಾತೆಯಲ್ಲಿ ಉಳಿದಿರುವ ಹಣ, ಚಾಲ್ತಿಯಲ್ಲಿರುವ ಪ್ಯಾಕಿನ ಉಳಿದ ದಿನಗಳು ಮತ್ತು ತಾಯಿಯವರ ಠೇವಣಿ ಇವೆಲ್ಲ ಅದೇ ಗಂಟಿನಲ್ಲಿ ಸೇರಿ ಬರುತ್ತವೆ. ಆದ್ದರಿಂದ ಠೇವಣಿಯನ್ನು ನೀವು ಈಗಿನ ಕಂಪನಿಯಿಂದಲೇ ಕೇಳಬಹುದು. ಹಳೆಯ ರಸೀದಿಯ ಮೇಲೆ ವಿಲೀನವಾಗಿಹೋದ ಕಂಪನಿಯ ಹೆಸರಿದೆ ಎಂಬುದು ಅದಕ್ಕೆ ಅಡ್ಡಿಯಾಗದು.

ವೊಡಾಫೋನ್ ಮತ್ತು ಐಡಿಯಾ ಒಂದಾಗುವ ಪ್ರಕಟಣೆ ಹೊರಬಿದ್ದದ್ದು 2017ರ ಮಾರ್ಚ್ 20ರಂದು, ವಿಲೀನ ಪೂರ್ಣಗೊಂಡದ್ದು 2018ರ ಆಗಸ್ಟ್ 31ರಂದು, ಎರಡೂ ಹೆಸರುಗಳನ್ನು ಬಿಟ್ಟು ವಿಐ ಎಂಬ ಹೆಸರು ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಈ ದಿನಾಂಕಗಳ ಅಂತರವನ್ನು ಗಮನಿಸಿ. ಪತ್ರಿಕೆಯಲ್ಲಿ ಸುದ್ದಿ ಬಂದ ಮರುದಿನವೇ ಏನೋ ಆಗಿಬಿಡುತ್ತದೆ ಎಂದು ಓಡುವ ಅಗತ್ಯ ಯಾರಿಗೂ ಇರಲಿಲ್ಲ. ಟಾಟಾ ಡೊಕೊಮೊ ಗ್ರಾಹಕರದೂ ಇದೇ ಕಥೆ. ಟಾಟಾ ಸಮೂಹದ ಮೊಬೈಲ್ ವ್ಯವಹಾರವನ್ನು ಏರ್‌ಟೆಲ್ ವಹಿಸಿಕೊಳ್ಳುವ ಪ್ರಕಟಣೆ 2017ರ ಅಕ್ಟೋಬರ್‌ನಲ್ಲಿ ಬಂತು, ಅದು ಮುಗಿದದ್ದು 2019ರ ಜುಲೈ 1ಕ್ಕೆ.

ಹೆದರಬೇಕಾದದ್ದು ಮೂರನೆಯ ಬಗೆಗೆ. ಅಲ್ಲಿ ಕಂಪನಿ ಮತ್ತೊಂದರಲ್ಲಿ ಸೇರುವುದಿಲ್ಲ, ಬಾಗಿಲು ಮುಚ್ಚುತ್ತದೆ. ರಿಲಯನ್ಸ್ ಕಮ್ಯುನಿಕೇಷನ್ಸ್ ಮತ್ತು ಏರ್‌ಸೆಲ್ ಒಂದಾಗುವ ಮಾತುಕತೆ 2017ರ ಅಕ್ಟೋಬರ್‌ನಲ್ಲಿ ಮುರಿದುಬಿತ್ತು. ರಿಲಯನ್ಸ್ ಕಮ್ಯುನಿಕೇಷನ್ಸ್ ಅದೇ ವರ್ಷ ಡಿಸೆಂಬರ್ 1ರಿಂದ ವಾಯ್ಸ್ ಕರೆಗಳನ್ನು ನಿಲ್ಲಿಸಿತು, ಏರ್‌ಸೆಲ್ 2018ರ ಆರಂಭದಲ್ಲಿ ದಿವಾಳಿ ಅರ್ಜಿ ಹಾಕಿತು. ಎಂಟಿಎಸ್ ಗ್ರಾಹಕರ ಪಾಡು ಇನ್ನೂ ವಿಚಿತ್ರ. ಅವರ ಕಂಪನಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ವಿಲೀನವಾದದ್ದು 2017ರ ಅಕ್ಟೋಬರ್ ಕೊನೆಯಲ್ಲಿ, ಅವರನ್ನು ಸೇರಿಸಿಕೊಂಡ ಮನೆಯಲ್ಲಿ ಕರೆಗಳು ನಿಂತದ್ದು ಅದರ ಮರು ತಿಂಗಳು ಮುಗಿದೊಡನೆ. ಸೇವೆಯನ್ನು ಪೂರ್ತಿ ನಿಲ್ಲಿಸುವ ಕಂಪನಿ ಗ್ರಾಹಕರಿಗೆ 30 ದಿನ ಮೊದಲು ತಿಳಿಸಬೇಕೆಂಬ ಷರತ್ತು ಲೈಸೆನ್ಸಿನಲ್ಲಿಯೇ ಇದೆ. ಆದರೂ ಏರ್‌ಸೆಲ್ ಜಾಲ ಕುಸಿದಾಗ, ಮುಖ್ಯವಾಗಿ ತಮಿಳುನಾಡಿನಲ್ಲಿ, ಲಕ್ಷಾಂತರ ಜನ ಒಮ್ಮೆಲೇ ಪೋರ್ಟ್ ಕೇಳಿದ್ದರಿಂದ ಆ ವ್ಯವಸ್ಥೆಯೇ ಹೊರೆ ತಾಳದೆ ನಿಧಾನವಾಯಿತು. ಸಿಗ್ನಲ್ ಇಲ್ಲದ ಸಿಮ್‌ನಿಂದ ಪೋರ್ಟ್ ಸಂದೇಶ ಕಳುಹಿಸುವುದಾದರೂ ಹೇಗೆ?

ಉತ್ತರ – ರೀಚಾರ್ಜ್_ಕೌಂಟರ್

ಮೇಲಿನ ಹಿರಿಯರ ಮಾತು ಕಾನೂನಿನ ದೃಷ್ಟಿಯಿಂದ ಸರಿ. ಆದರೆ ಹಾಸನದಲ್ಲಿ ಮೊಬೈಲ್ ಅಂಗಡಿ ನಡೆಸುವ ನನಗೆ ಕಾಣುವ ಚಿತ್ರ ಸ್ವಲ್ಪ ಬೇರೆ. (ಪೋರ್ಟಿಗೆ ಕಮಿಷನ್ ಬರುವುದು ನಿಜ. ಹಾಗೆಂದು ಎಲ್ಲ ಅಂಗಡಿಯವರೂ ಸುಳ್ಳು ಹೇಳುವುದಿಲ್ಲ ಎಂಬ ಒಂದು ಮಾತನ್ನು ನಮ್ಮ ಕಡೆಯಿಂದ ಸೇರಿಸಿಕೊಳ್ಳಿ.)

ಸಂಖ್ಯೆ ಉಳಿಯುತ್ತದೆ, ಹಣವೂ ಉಳಿಯುತ್ತದೆ, ಉಳಿಯದೆ ಹೋಗುವುದು ಹಳೆಯ ದರ. ನಮ್ಮ ದೇಶದಲ್ಲಿ ದರ ನಿಗದಿಯನ್ನು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಕಂಪನಿಗಳ ಕೈಗೇ ಬಿಟ್ಟಿದೆ. ಗ್ರಾಹಕನು ಒಂದು ಪ್ಲಾನಿಗೆ ಸೇರಿದ ಮೇಲೆ ಆರು ತಿಂಗಳ ತನಕ ಅದರ ದರವನ್ನು ಏರಿಸಬಾರದೆಂಬ ನಿಯಮ ಇದೆ. ಆದರೆ ಈಗ ಬಹುಪಾಲು ಜನ 28 ದಿನದ ಪ್ಯಾಕ್‌ಗಳ ಮೇಲೆ ಬದುಕುತ್ತಿರುವುದರಿಂದ ಅವರಿಗೆ ಸಿಗುವ ನಿಜವಾದ ರಕ್ಷಣೆ ಕೊಂಡ ಪ್ಯಾಕ್ ಮುಗಿಯುವ ತನಕ ಮಾತ್ರ. ವಿಲೀನವಾದ ಕಂಪನಿ ಎರಡು ಪಟ್ಟಿಗಳನ್ನು ಒಂದು ಮಾಡುವಾಗ ಅಗ್ಗದ ಪ್ಯಾಕ್ ಸದ್ದಿಲ್ಲದೆ ಪಟ್ಟಿಯಿಂದ ಮಾಯವಾಗುತ್ತದೆ. ಅದನ್ನು ದರ ಏರಿಕೆ ಎಂದು ಯಾರೂ ಕರೆಯುವುದಿಲ್ಲ. "ಹಳೇ ಪ್ಯಾಕ್ ಹಾಕಿ" ಎಂದು ಕೇಳಿಕೊಂಡು ಬಂದ ಗಿರಾಕಿಗೆ "ಆ ಪ್ಯಾಕ್ ಈಗ ಬರುತ್ತಿಲ್ಲ" ಎಂದು ಹೇಳುವ ಕೆಲಸ ಮಾತ್ರ ನಮ್ಮ ಪಾಲಿಗೆ ಬರುತ್ತದೆ.

ಕಣದಲ್ಲಿ ಉಳಿದ ಕಂಪನಿಗಳ ಸಂಖ್ಯೆ ಕಡಿಮೆಯಾದಷ್ಟೂ ದರ ಏರಿಸುವ ಕೆಲಸ ಸುಲಭವಾಗುತ್ತದೆ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆಯ ದರ ತಂದಾಗ ಉಳಿದ ಕಂಪನಿಗಳೂ ಅನಿವಾರ್ಯವಾಗಿ ಅದೇ ದಾರಿ ಹಿಡಿದದ್ದು ಹಲವರಿಗೆ ನೆನಪಿರಬಹುದು. ಒಂದು ಹೊಸ ಕಂಪನಿ ಇಡೀ ಮಾರುಕಟ್ಟೆಯ ದರವನ್ನು ಇಳಿಸಿದ ಕಾಲ ಅದು. ಈಗ ಖಾಸಗಿಯಾಗಿ ಮೂರು ಕಂಪನಿಗಳು ಮತ್ತು ಅವುಗಳ ಜೊತೆಗೆ ಬಿಎಸ್‌ಎನ್‌ಎಲ್ ಉಳಿದಿವೆ. 2019ರ ಡಿಸೆಂಬರ್, 2021ರ ನವೆಂಬರ್–ಡಿಸೆಂಬರ್ ಮತ್ತು 2024ರ ಜುಲೈ ಈ ಮೂರೂ ಸಲ ಖಾಸಗಿ ಕಂಪನಿಗಳು ಕೆಲವೇ ದಿನಗಳ ಅಂತರದಲ್ಲಿ ಒಂದರ ಹಿಂದೆ ಒಂದರಂತೆ ದರ ಏರಿಸಿದವು. ಇದಕ್ಕೆಲ್ಲ ವಿಲೀನವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲಿನ ದರ ಸಮರದಲ್ಲಿ ಎಲ್ಲರೂ ನಷ್ಟ ಉಂಡಿದ್ದರು, ಕಂಪನಿಗಳ ಆದಾಯದಲ್ಲಿ ಸರ್ಕಾರದ ಪಾಲನ್ನು ಲೆಕ್ಕ ಹಾಕುವ ಬಗ್ಗೆ ಸುಪ್ರೀಂ ಕೋರ್ಟ್ 2019ರ ಅಕ್ಟೋಬರ್‌ನಲ್ಲಿ ಕೊಟ್ಟ ಎಜಿಆರ್ ತೀರ್ಪಿನಿಂದ ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಯ ಹೊರೆಯೂ ಮೇಲೆ ಬಿತ್ತು. ಆದರೆ ಒಬ್ಬರು ಏರಿಸಿದಾಗ ಗ್ರಾಹಕ ಎದ್ದು ಹೋಗಲು ಏಳೆಂಟು ಬಾಗಿಲುಗಳಿದ್ದ ದಿನಗಳಲ್ಲಿ ಹೀಗೆ ಸಾಲುಸಾಲಾಗಿ ಏರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ತಂದೆಯವರು ಬರೀ ಮಾತಿಗೆ ಫೋನ್ ಬಳಸುವವರಾದರೆ ಒಂದು ವಿಷಯ ನೋಡಿಕೊಳ್ಳಿ. ಡೇಟಾ ಬೇಡದವರಿಗಾಗಿ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕನ್ನು ಪ್ರತಿ ಕಂಪನಿಯೂ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ, ಅವಧಿ ಒಂದು ವರ್ಷದವರೆಗೂ ಇರಬಹುದು. ಜಾಹೀರಾತಿನಲ್ಲಿ ಅದು ಕಾಣಿಸುವುದಿಲ್ಲ, ನೀವೇ ಕೇಳಬೇಕು.

ಸಾಗರ_ಸೀಮೆ

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ ಉಳಿದಿದೆ. ತಂದೆಯವರು ಹಿಂದೆ ಲೈಫ್‌ಟೈಮ್ ಪ್ಲಾನ್ ಎಂದು ದುಡ್ಡು ಕಟ್ಟಿದ್ದರು. ಜೀವಮಾನವಿಡೀ ಒಳಬರುವ ಕರೆ ಇರುತ್ತದೆ ಎಂಬ ನಂಬಿಕೆ ಅವರದು. ಆ ಹಕ್ಕು ವಿಲೀನದಿಂದ ಹೋಯಿತೇ? ಕಂಪನಿಯ ಮೇಲೆ ಹಳೆಯ ದೂರು ಬಾಕಿಯಿದ್ದರೆ ಅದನ್ನು ಹೊಸ ಕಂಪನಿ ಕೇಳಲೇಬೇಕೇ?

ಉತ್ತರ – ಗ್ರಾಹಕ_ಪಕ್ಷ

ನಾನು ವಕೀಲಿ ವೃತ್ತಿಯಲ್ಲಿದ್ದು ಗ್ರಾಹಕ ಆಯೋಗದಲ್ಲಿ ಪ್ರಕರಣಗಳನ್ನು ನಡೆಸುತ್ತೇನೆ. ಲೈಫ್‌ಟೈಮ್ ಪ್ಲಾನ್‌ನ ಸಂಗತಿಯನ್ನು ವಿಲೀನಕ್ಕೆ ಗಂಟು ಹಾಕಬೇಡಿ. 2005ರ ಕೊನೆಯಲ್ಲಿ ಆ ಪ್ಲಾನ್‌ಗಳು ಬಂದಾಗಲೇ ಟ್ರಾಯ್ ಒಂದು ಮಾತನ್ನು ಖಚಿತಪಡಿಸಿತ್ತು: ಅದರ ಅವಧಿ ಗ್ರಾಹಕನ ಆಯುಸ್ಸಿಗೆ ಅಲ್ಲ, ನವೀಕರಣವೂ ಸೇರಿದಂತೆ ಕಂಪನಿಯ ಲೈಸೆನ್ಸ್ ಇರುವಷ್ಟು ಕಾಲಕ್ಕೆ ಸಂಬಂಧಿಸಿದ್ದು, ಮತ್ತು ಲೈಸೆನ್ಸ್ ಯಾವಾಗ ಮುಗಿಯುತ್ತದೆ ಎಂಬುದನ್ನು ಗ್ರಾಹಕನಿಗೆ ತಿಳಿಸಬೇಕು. ಅಂಗಡಿಯ ಪೋಸ್ಟರಿನಲ್ಲಿ ಲೈಫ್‌ಟೈಮ್ ಎಂಬುದು ದೊಡ್ಡಕ್ಷರದಲ್ಲಿದ್ದು ಈ ಷರತ್ತು ಕಣ್ಣಿಗೆ ಬೀಳದಷ್ಟು ಸಣ್ಣದಾಗಿತ್ತು ಎಂಬುದು ಬೇರೆ ಮಾತು. ಕರ್ನಾಟಕದ ಮೊದಲ ಖಾಸಗಿ ಮೊಬೈಲ್ ಲೈಸೆನ್ಸ್‌ಗಳು 1990ರ ದಶಕದ ಮಧ್ಯದಲ್ಲಿ ಕೊಟ್ಟಂಥವು, ಅವುಗಳ ಅವಧಿ 20 ವರ್ಷವಾದದ್ದು 1999ರ ದೂರಸಂಪರ್ಕ ನೀತಿಯ ನಂತರ, ಅಂದರೆ ಆ ಮೊದಲ ಅವಧಿ ಈಗಾಗಲೇ ಮುಗಿದಿದೆ.

ಒಳಬರುವ ಕರೆಗೂ ಕನಿಷ್ಠ ರೀಚಾರ್ಜ್ ಬೇಕೆಂಬ ಪದ್ಧತಿಯನ್ನು ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ 2018ರ ಕೊನೆಯಲ್ಲಿ ತಂದವು. ಆಗ 28 ದಿನಕ್ಕೆ 35 ರೂಪಾಯಿಯ ಪ್ಯಾಕ್ ಇತ್ತು. ಖಾತೆಯಲ್ಲಿ ಹಣವಿದ್ದರೂ ಸಂಪರ್ಕ ಕಡಿಯುವ ಸಂದೇಶಗಳು ಬರುತ್ತಿವೆ ಎಂದು ದೂರುಗಳು ಹೋದಾಗ, ಗ್ರಾಹಕರಿಗೆ ಎಲ್ಲ ವಿವರವನ್ನೂ ಸ್ಪಷ್ಟವಾಗಿ ತಿಳಿಸಬೇಕೆಂದೂ ಅಲ್ಲಿಯವರೆಗೆ ಸಂಪರ್ಕ ಕಡಿಯಬಾರದೆಂದೂ ಟ್ರಾಯ್ ಆ ನವೆಂಬರ್‌ನಲ್ಲಿ ಕಂಪನಿಗಳಿಗೆ ಸೂಚಿಸಿತು, ಆದರೆ ಪ್ಲಾನ್‌ಗಳನ್ನು ತಡೆಯಲಿಲ್ಲ. ತಂದೆಯವರ ಲೈಫ್‌ಟೈಮ್ ನಿಜವಾಗಿ ಕೊನೆಗೊಂಡದ್ದು ಹೀಗೆ. ವಿಲೀನ ಪೂರ್ಣಗೊಂಡ ಕೆಲವೇ ತಿಂಗಳಲ್ಲಿ ಇದು ನಡೆದದ್ದರಿಂದ ಜನ ಎರಡನ್ನೂ ಒಂದೇ ಎಂದು ಭಾವಿಸುತ್ತಾರೆ. ವಿಲೀನವಾಗದೆ ಉಳಿದಿದ್ದ ಗ್ರಾಹಕರಿಗೂ ಇದೇ ಆಯಿತು ಎಂಬುದನ್ನು ಗಮನಿಸಬೇಕು.

ಬಾಕಿ ದೂರಿನ ವಿಷಯಕ್ಕೆ ಬರೋಣ. ಹೊಣೆ ಹೊಸ ಕಂಪನಿಯದೇ. ಆದರೆ ದಾಖಲೆ ಇಲ್ಲದಿದ್ದರೆ ಹೊಣೆಯಿದ್ದೂ ಪ್ರಯೋಜನವಿಲ್ಲ. ನನ್ನ ಕಕ್ಷಿದಾರರೊಬ್ಬರು ಠೇವಣಿ ವಾಪಸು ಕೇಳಿದಾಗ ಕಂಪನಿಯೊಂದು "ಹಳೆಯ ವ್ಯವಸ್ಥೆಯ ಖಾತೆ ಸಂಖ್ಯೆ ನಮ್ಮಲ್ಲಿ ಕಾಣುತ್ತಿಲ್ಲ" ಎಂದು ತಿಂಗಳುಗಟ್ಟಲೆ ಅಲೆದಾಡಿಸಿತು. ಮನೆಯ ಟ್ರಂಕಿನಲ್ಲಿದ್ದ ಹಳೆಯ ಬಿಲ್ಲಿನ ಮೇಲೆ ಆ ಖಾತೆ ಸಂಖ್ಯೆಯೂ "ಭದ್ರತಾ ಠೇವಣಿ" ಎಂಬ ಸಾಲೂ ಇದ್ದವು, ಅದರ ಜೆರಾಕ್ಸ್ ಪ್ರತಿ ಲಗತ್ತಿಸಿದ ಮೇಲೆ ಹಣ ಬಂತು. ತಾಯಿಯವರ ಹಳೆಯ ಬಿಲ್ಲುಗಳಲ್ಲಿ ಒಂದಾದರೂ ಉಳಿದಿದ್ದರೆ ಜೋಪಾನವಾಗಿಡಿ. ಹಳೆಯ ಕಂಪನಿಯ ಆ್ಯಪ್ ಮತ್ತು ಜಾಲತಾಣ ಮುಚ್ಚಿದ ಮೇಲೆ ಅಲ್ಲಿದ್ದ ಬಿಲ್ಲುಗಳನ್ನು ತೆಗೆಯಲು ದಾರಿಯಿರುವುದಿಲ್ಲ, ಆದ್ದರಿಂದ ವಿಲೀನದ ಪ್ರಕಟಣೆ ಬಂದ ಕೂಡಲೇ ಅವುಗಳನ್ನು ಇಳಿಸಿಕೊಳ್ಳುವುದು ಒಳ್ಳೆಯದು.

ದೂರು ಕೊಡುವ ಕ್ರಮ ಹೀಗಿದೆ. ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಪಡೆಯಬೇಕು, ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಹೋಗಬೇಕು. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಣೆ ಮಾಡುವುದಿಲ್ಲ. ಟೆಲಿಕಾಂ ವ್ಯಾಜ್ಯಗಳನ್ನು ಗ್ರಾಹಕ ಆಯೋಗ ಕೇಳುವಂತಿಲ್ಲ ಎಂಬ ವಾದವನ್ನು ಕಂಪನಿಗಳು 2009ರ ಒಂದು ತೀರ್ಪನ್ನು ಹಿಡಿದು ಬಹಳ ಕಾಲ ಮಾಡುತ್ತಿದ್ದವು. ವೊಡಾಫೋನ್ ಐಡಿಯಾ ಪಕ್ಷಗಾರನಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಫೆಬ್ರವರಿ 16ರಂದು ಆ ವಾದವನ್ನು ತಳ್ಳಿಹಾಕಿದೆ. ಈಗ ಯಾವ ಕಂಪನಿಯ ವಕೀಲರಾದರೂ ಜಿಲ್ಲಾ ಆಯೋಗದಲ್ಲಿ ಹಳೆಯ ರಾಗ ತೆಗೆದರೆ ಆ ತೀರ್ಪನ್ನು ತೋರಿಸಿದರೆ ಸಾಕು.

ಉತ್ತರ – ಮಲೆನಾಡು_ಸಿಗ್ನಲ್

ದರ ಮತ್ತು ಠೇವಣಿಯ ಚರ್ಚೆಯಲ್ಲಿ ನೆಟ್‌ವರ್ಕ್ ಮರೆತುಹೋಗಿದೆ. ಸಾಗರದ ಕಡೆಯವರಿಗೆ ಅದೇ ಮುಖ್ಯ ಅಲ್ಲವೇ? ನಾನು ಟವರ್‌ಗಳ ನಿರ್ವಹಣೆಯಲ್ಲಿ ಎಂಜಿನಿಯರ್.

ಎರಡು ಕಂಪನಿ ಸೇರಿದಾಗ ಮೊದಲು ಮಾಡುವುದು ಒಂದರ ಗ್ರಾಹಕರಿಗೆ ಇನ್ನೊಂದರ ಟವರ್ ಬಳಸಲು ಬಿಡುವ ಒಳವಲಯ ರೋಮಿಂಗ್. ಈ ಹಂತದಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಲಾಭ, ಏಕೆಂದರೆ ನಿಮ್ಮ ಕಂಪನಿಯ ಸಿಗ್ನಲ್ ತಲುಪದ ಕಣಿವೆಯಲ್ಲಿ ಅವರ ಸಿಗ್ನಲ್ ಸಿಗುತ್ತದೆ. ಆಮೇಲಿನ ಹಂತವೇ ನಾಜೂಕಿನದು. ಒಂದೇ ಗುಡ್ಡದ ಮೇಲೆ ಇಬ್ಬರ ಉಪಕರಣವೂ ಇದ್ದರೆ ಎರಡಕ್ಕೂ ಬಾಡಿಗೆ, ಕರೆಂಟು, ಡೀಸೆಲ್ ಖರ್ಚು ಮಾಡುವುದು ದಂಡವೆಂದು ಒಂದನ್ನು ಇಳಿಸುತ್ತಾರೆ. ಉಳಿಸಿದ್ದರಲ್ಲಿ ಇಬ್ಬರ ತರಂಗಾಂತರವನ್ನೂ ಸೇರಿಸಿ ಸಾಮರ್ಥ್ಯ ಹೆಚ್ಚಿಸಿದರೆ ವೇಗ ಮೊದಲಿಗಿಂತ ಚೆನ್ನಾಗಿರುತ್ತದೆ. ಅಕ್ಕಪಕ್ಕದ ಎರಡು ತುಂಡು ತರಂಗಾಂತರಗಳನ್ನು ಒಂದೇ ಅಗಲ ಪಟ್ಟಿಯಾಗಿ ಬಳಸುವುದರಿಂದ 4ಜಿಗೆ ಆಗುವ ಅನುಕೂಲ ದೊಡ್ಡದು. ಆದರೆ ಕಂಪನಿಯ ಕೈಯಲ್ಲಿ ಹಣವಿಲ್ಲದೆ ಸಾಮರ್ಥ್ಯ ಹೆಚ್ಚಿಸುವ ಆ ಕೆಲಸ ತಡವಾದರೆ ಇದ್ದ ಒಂದು ಟವರಿನ ಮೇಲೆ ಎರಡು ಊರಿನ ಜನ ಮುಗಿಬೀಳುತ್ತಾರೆ, ಸಂಜೆ ಏಳರಿಂದ ಹತ್ತರವರೆಗೆ ಪರದೆಯ ಮೇಲೆ ನಾಲ್ಕು ಗೆರೆ ಸಿಗ್ನಲ್ ತೋರಿಸಿದರೂ ವಾಟ್ಸ್‌ಆ್ಯಪ್ ಚಿತ್ರ ತೆರೆಯುವುದಿಲ್ಲ.

ಆದ್ದರಿಂದ ವಿಲೀನದ ಅನುಭವ ಊರಿನಿಂದ ಊರಿಗೆ ಬೇರೆ. ಬೆಂಗಳೂರಿನವರು "ಚೆನ್ನಾಗಾಯಿತು" ಎಂದದ್ದನ್ನು ಕೇಳಿ ಹೊಸನಗರದವರು ತೀರ್ಮಾನ ಮಾಡಬಾರದು. ತಂತ್ರಜ್ಞಾನವೇ ಬೇರೆಯಾಗಿದ್ದರಂತೂ ಫೋನನ್ನೇ ಬದಲಿಸಬೇಕಾಗುತ್ತದೆ. ಎಂಟಿಎಸ್, ಟಾಟಾ ಇಂಡಿಕಾಂನಂಥ ಸಿಡಿಎಂಎ ಸೇವೆಗಳ ಹ್ಯಾಂಡ್‌ಸೆಟ್‌ಗಳು ಜಿಎಸ್‌ಎಂ ಜಾಲದಲ್ಲಿ ಕೆಲಸ ಮಾಡುತ್ತಿರಲಿಲ್ಲ, ಸಂಖ್ಯೆ ಉಳಿಸಿಕೊಂಡವರೂ ಕೈಯಲ್ಲಿದ್ದ ಫೋನನ್ನು ಕಪಾಟಿಗೆ ಸೇರಿಸಬೇಕಾಯಿತು.

ಉತ್ತರ – ಟೆಕ್ಸಸ್_ಕನ್ನಡಿಗ

ಇದೇ ಫೋನ್ ಬದಲಾವಣೆಯ ಕಷ್ಟವನ್ನು ನಾವು ಇಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ನೋಡಿದೆವು. ಟಿ-ಮೊಬೈಲ್ ಮತ್ತು ಸ್ಪ್ರಿಂಟ್ 2020ರ ಏಪ್ರಿಲ್ 1ರಂದು ಒಂದಾದವು. ಸ್ಪ್ರಿಂಟ್‌ನ ಸಿಡಿಎಂಎ ಜಾಲವನ್ನು 2022ರಲ್ಲಿ ಮುಚ್ಚಿದ್ದರಿಂದ ಅದರ ಹಳೆಯ ಗ್ರಾಹಕರು ಹೊಸ ಸಿಮ್ ಹಾಕಿಕೊಳ್ಳಬೇಕಾಯಿತು, ಹಳೆಯ ಫೋನ್ ಇದ್ದವರು ಫೋನನ್ನೂ ಬದಲಿಸಬೇಕಾಯಿತು.

ನಿಮ್ಮ ಚರ್ಚೆಗೆ ಉಪಯೋಗವಾಗಬಹುದಾದದ್ದು ಬೇರೆ ಸಂಗತಿ. ಅನುಮತಿ ಪಡೆಯುವಾಗ ಟಿ-ಮೊಬೈಲ್ ಮೂರು ವರ್ಷ ದರ ಏರಿಸುವುದಿಲ್ಲ ಎಂದು ಮಾತು ಕೊಟ್ಟಿತ್ತು. ಆ ಅವಧಿ ಮುಗಿದ ಮೇಲೆ 2024ರಲ್ಲಿ ಹಳೆಯ ಪ್ಲಾನ್‌ಗಳಲ್ಲಿದ್ದ ಹಲವರ ದರ ಏರಿತು. ಬ್ರಿಟನ್ನಿನಲ್ಲಿ ವೊಡಾಫೋನ್ ಮತ್ತು ತ್ರೀ ಎಂಬ ಕಂಪನಿಗಳು 2025ರ ಮೇ 31ರಂದು ವಿಲೀನವಾದಾಗಲೂ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಕೆಲವು ಪ್ಲಾನ್‌ಗಳ ದರಕ್ಕೆ ಮೂರು ವರ್ಷದ ಮಿತಿ ಹಾಕಿ, ಜಾಲ ಸುಧಾರಣೆಯನ್ನು ಕಡ್ಡಾಯ ಮಾಡಿ ಒಪ್ಪಿಗೆ ಕೊಟ್ಟಿದೆ. ಭಾರತದ ಟೆಲಿಕಾಂ ವಿಲೀನ ನಿಯಮಗಳು ಗಮನ ಕೊಡುವುದು ಮಾರುಕಟ್ಟೆಯ ಪಾಲು ಮತ್ತು ತರಂಗಾಂತರದ ಮಿತಿಗಳಿಗೆ. ದೂರಸಂಪರ್ಕ ಇಲಾಖೆಯ 2014ರ ಮಾರ್ಗಸೂಚಿಯಂತೆ ಒಂದು ವಲಯದಲ್ಲಿ ಶೇ. 50ಕ್ಕಿಂತ ಹೆಚ್ಚು ಪಾಲು ಬಂದರೆ ವರ್ಷದೊಳಗೆ ಇಳಿಸಬೇಕು. ಹಳೆಯ ಗ್ರಾಹಕನ ಪ್ಲಾನನ್ನು ಇಂತಿಷ್ಟು ವರ್ಷ ಮುಟ್ಟಬಾರದು ಎಂಬ ಷರತ್ತನ್ನು ಭಾರತದಲ್ಲಿಯೂ ಹಾಕಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಮೂರೇ ವರ್ಷವಾದರೂ ಸರಿ, ಮೂರು ವರ್ಷ ಸಣ್ಣ ಅವಧಿಯೇನಲ್ಲ.

ಉತ್ತರ – ನಿವೃತ್ತ_ಬಿಲ್ಲಿಂಗ್

ಪೋರ್ಟ್ ಮಾಡಿಸಬೇಕೇ ಬೇಡವೇ ಎಂಬ ಮೂಲ ಪ್ರಶ್ನೆಗೆ ಈಗ ಬರುತ್ತೇನೆ. ಮನೆಯಲ್ಲಿ ಮತ್ತು ತೋಟದಲ್ಲಿ ಸಿಗ್ನಲ್ ಚೆನ್ನಾಗಿದ್ದರೆ, ಬರಿಯ ವದಂತಿ ಕೇಳಿ ಪೋರ್ಟ್ ಮಾಡಿಸಬೇಡಿ. ವಿಲೀನದಲ್ಲಿ ಖಾತೆಯ ಹಣ ಜೊತೆಗೆ ಬರುತ್ತದೆ ಎಂದೆನಲ್ಲ, ಪೋರ್ಟ್ ಮಾಡಿಸಿದರೆ ಪ್ರೀಪೇಯ್ಡ್ ಖಾತೆಯಲ್ಲಿ ಉಳಿದ ಹಣ ಮತ್ತು ಪ್ಯಾಕಿನ ಉಳಿದ ದಿನಗಳು ಅಲ್ಲಿಗೇ ಮುಗಿಯುತ್ತವೆ. ವರ್ಷದ ಪ್ಯಾಕ್ ಹಾಕಿಸಿದವರು ಹೆದರಿ ಪೋರ್ಟ್ ಮಾಡಿಸಿ ನೂರಾರು ರೂಪಾಯಿ ಕಳೆದುಕೊಂಡದ್ದನ್ನು ಕಂಡಿದ್ದೇನೆ.

ಸಿಗ್ನಲ್ ನಿಜವಾಗಿಯೂ ಕೆಟ್ಟರೆ, ಆಗ ಹೊರಡಿ. ಮೊದಲು ಪಕ್ಕದ ಮನೆಯವರ ಫೋನಿನಲ್ಲಿ ಇನ್ನೊಂದು ಕಂಪನಿಯ ಸಿಗ್ನಲ್ ನಿಮ್ಮ ಅಡುಗೆಮನೆಯವರೆಗೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ಬಳಿಕ ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ಹತ್ತು ಅಂಕಿಯ ಸಂಖ್ಯೆಯನ್ನು ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಪೋರ್ಟಿಗೆ ಬೇಕಾದ ಯುಪಿಸಿ ಎಂಬ ಸಂಕೇತ ಬರುತ್ತದೆ. 2019ರ ಡಿಸೆಂಬರ್‌ನಿಂದ ಕರ್ನಾಟಕದಲ್ಲಿ ಆ ಸಂಕೇತಕ್ಕೆ ನಾಲ್ಕು ದಿನದ ಆಯುಸ್ಸು, ಅದೇ ವಲಯದೊಳಗಿನ ಪೋರ್ಟಿಗೆ ಮೂರು ಕೆಲಸದ ದಿನಗಳು ಸಾಕು. ಈಗಿನ ಕಂಪನಿಯಲ್ಲಿ 90 ದಿನ ತುಂಬಿರಬೇಕು. ತಾಯಿಯವರ ಪೋಸ್ಟ್‌ಪೇಯ್ಡ್ ಆದರೆ ಗಡುವು ದಾಟಿದ ಬಿಲ್ ಬಾಕಿ ಇರಬಾರದು. ಆಧಾರ್ ಹಿಡಿದುಕೊಂಡು ಹೊಸ ಕಂಪನಿಯ ಅಂಗಡಿಗೆ ಸಂಖ್ಯೆ ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು. ಸ್ಪೈಸ್ ಕಾಲದ ಎಷ್ಟೋ ಸಂಖ್ಯೆಗಳು ಬೇರೆ ಯಾರದೋ ಹೆಸರಿನಲ್ಲಿರುತ್ತವೆ, ಇದನ್ನು ಈಗಲೇ ವಿಚಾರಿಸಿ ಸರಿಪಡಿಸಿಕೊಳ್ಳಿ. ಹೆಸರು ಬದಲಾವಣೆಯ ಅರ್ಜಿ ನಡೆಯುತ್ತಿರುವಾಗ ಯುಪಿಸಿ ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ವಿಲೀನದ ಸುದ್ದಿ ಇದ್ದಾಗೆಲ್ಲ "ನಿಮ್ಮ ಸಿಮ್ 24 ಗಂಟೆಯಲ್ಲಿ ಬಂದ್ ಆಗುತ್ತದೆ, ಕೆವೈಸಿ ಮಾಡಿಸಿ" ಎಂಬ ಮೋಸದ ಕರೆಗಳು ಹೆಚ್ಚುತ್ತವೆ. ಯಾವ ಕಂಪನಿಯೂ ವಿಲೀನದ ನೆಪದಲ್ಲಿ ಫೋನ್ ಮಾಡಿ ಓಟಿಪಿ ಕೇಳುವುದಿಲ್ಲ. ಹೊಸ ಸಿಮ್ ತೆಗೆದುಕೊಳ್ಳುವುದಿದ್ದರೆ ಕಂಪನಿಯ ಅಂಗಡಿಗೇ ಹೋಗಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಅಂದರೆ ಬ್ಯಾಂಕಿನ ಓಟಿಪಿಯೂ ಬರುವುದಿಲ್ಲ. 2024ರ ಜುಲೈನಿಂದ ಸಿಮ್ ಬದಲಿಸಿದ ಏಳು ದಿನ ಪೋರ್ಟಿಗೂ ಅವಕಾಶವಿಲ್ಲ. ಆದ್ದರಿಂದ ಮಂಡಿಯಿಂದ ಅಡಿಕೆಯ ಹಣ ಖಾತೆಗೆ ಬಂದು ಅದನ್ನು ಬೇರೆ ಕಡೆ ಕಳುಹಿಸಬೇಕಾಗಿರುವ ದಿನ ಸಿಮ್ ಬದಲಿಸುವ ಕೆಲಸವನ್ನು ಇಟ್ಟುಕೊಳ್ಳಬೇಡಿ.